ಮೂರು ಬಾಯಿಗೆ ಮೂರು ಅಡುಗೆ ಯಾಕೆ? ಬಸ್ಸಾರು ಇದೆಯಲ್ಲ!

ಸಂಜೆ ಆರೂವರೆಯ ಬಸ್ಸು. ಮೈಸೂರಿನಿಂದ ಮಂಡ್ಯಕ್ಕೆ. ಸೀಟು ಸಿಕ್ಕವರು ತೂಕಡಿಸ್ತಾ ಇದ್ದರು, ಸಿಗದವರು ಕಂಬಿ ಹಿಡಿದು ಜೋಲಿ ಹೊಡೀತಾ ಇದ್ದರು. ನನ್ನ ಮುಂದಿನ ಸೀಟಿನಲ್ಲಿ ಇಬ್ಬರು ಹೆಂಗಸರು. ಒಬ್ಬಾಕೆಗೆ ಮೂವತ್ತೈದರ ಆಸುಪಾಸು, ಮೈಸೂರಿನ ಬಟ್ಟೆ ಅಂಗಡಿಯಲ್ಲಿ ಕೆಲಸ. ಇನ್ನೊಬ್ಬರು ಮೊಮ್ಮಕ್ಕಳನ್ನು ಕಂಡ ಹಿರಿಯಾಕೆ. ಅವರ ಮಡಿಲಲ್ಲಿ ದಂಟಿನ ಸೊಪ್ಪಿನ ನಾಲ್ಕು ಕಟ್ಟು.

ಶ್ರೀರಂಗಪಟ್ಟಣ ದಾಟುವ ಹೊತ್ತಿಗೆ ಮಾತು ಒಲೆಯ ಹತ್ತಿರ ಬಂತು.

"ಮನೆಗೋಗಿ ಮೂರು ಥರ ಮಾಡ್ಬೇಕು ಕಣಕ್ಕ. ನಮ್ಮ ಮಾವಂಗೆ ಹಿಟ್ಟಿಲ್ದೆ ಆಗಾಕಿಲ್ಲ. ಮಗಳಿಗೆ ಹಿಟ್ಟೂ ಬ್ಯಾಡ, ಸಾರೂ ಬ್ಯಾಡ, ಅನ್ನ ಪಲ್ಯ ಆಗ್ಬೇಕು. ಚಿಕ್ಕವನು ತಟ್ಟೇಲಿ ಹಸಿರು ಕಂಡ್ರೆ ಎದ್ದೇ ಹೋಯ್ತಾನೆ. ಅವನಿಗೆ ನೂಡಲ್ಸು."

"ನಿಂಗೆ?" ಅಂದರು ಹಿರಿಯಾಕೆ.

ಆಕೆ ನಕ್ಕಳು. "ಅವರೆಲ್ಲ ಬಿಟ್ಟಿದ್ದು."

ಸ್ವಾಮಿ, ಆ ನಗು ಮನೆ ಮುಟ್ಟುವವರೆಗೂ ನನ್ನನ್ನು ಬಿಡಲಿಲ್ಲ. 2023ರ ಜೂನ್ ತಿಂಗಳಲ್ಲಿ ಸರ್ಕಾರ ಹೆಂಗಸರಿಗೆ ಬಸ್ಸು ಪುಕ್ಕಟೆ ಮಾಡಿತು. ಒಲೆಯಿಂದ ಬಿಡುಗಡೆ ಮಾಡುವ ಸರ್ಕಾರ ಮಾತ್ರ ಇನ್ನೂ ಹುಟ್ಟಿಲ್ಲ.

ಅಂಗಡಿಯವರಿಗೆ ಒಂದು ಲೆಕ್ಕ

ಪೇಟೆ ಬೀದಿಯಲ್ಲಿ ಅಂಗಡಿ ಇಟ್ಟವರಿಗೆ ಲೆಕ್ಕ ಹೇಳಿಕೊಡಬೇಕಾಗಿಲ್ಲ. ಮೂರು ಗಿರಾಕಿ ಮೂರು ಥರ ಕೇಳಿದರು ಅಂತ ಯಾರಾದರೂ ಮೂರು ಅಂಗಡಿ ತೆರೀತಾರಾ? ಒಂದೇ ಮೂಟೆಯಿಂದ ಒಬ್ಬನಿಗೆ ಕಾಲು ಕೆಜಿ, ಇನ್ನೊಬ್ಬನಿಗೆ ಐದು ಕೆಜಿ ತೂಗಿ ಕೊಡ್ತೀರಿ. ಆದರೆ ಅದೇ ಅಂಗಡಿಯವರ ಮನೆಯಲ್ಲಿ ರಾತ್ರಿ ಮೂರು ಅಂಗಡಿ ತೆರೆದಿರುತ್ತೆ. ಗ್ಯಾಸು ಮೂರು ಪಟ್ಟು, ಪಾತ್ರೆ ಮೂರು ಪಟ್ಟು. ತೊಳೆಯೋ ಕೈ ಮಾತ್ರ ಎರಡೇ.

ಇದು ಬರೀ ಸುಸ್ತಿನ ಮಾತಲ್ಲ. 2019ರಲ್ಲಿ ಕೇಂದ್ರ ಸರ್ಕಾರವೇ ದೇಶದಲ್ಲಿ ಜನ ಹೊತ್ತು ಹೇಗೆ ಕಳೀತಾರೆ ಅಂತ ಸಮೀಕ್ಷೆ ಮಾಡಿಸಿತ್ತು. ಮನೆಗೆಲಸ ಮಾಡುವ ಹೆಂಗಸರು ಸಂಬಳವಿಲ್ಲದ ಆ ಕೆಲಸಕ್ಕೆ ಆಗ ದಿನಕ್ಕೆ 299 ನಿಮಿಷ ಕೊಡ್ತಾ ಇದ್ದರು. ಮನೆಗೆಲಸಕ್ಕೆ ಕೈ ಹಾಕುವ ಗಂಡಸರು ಕೊಡ್ತಾ ಇದ್ದದ್ದು 97 ನಿಮಿಷ. ಕೈ ಹಾಕದವರು ಈ ಲೆಕ್ಕದಲ್ಲೇ ಇಲ್ಲ!

ಇನ್ನೊಂದು ಲೆಕ್ಕ ಇನ್ನೂ ಕಹಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದಲ್ಲಿ ಐದು ವರ್ಷದೊಳಗಿನ ಪುಟ್ಟ ಮಕ್ಕಳಲ್ಲಿ ಮೂವರಿಗೆ ಸುಮಾರು ಇಬ್ಬರು ರಕ್ತಹೀನರು. 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಹತ್ತಿರ ಹತ್ತಿರ ಅರ್ಧ. ಅಂದರೆ ಸೊಪ್ಪು ಬೇಡ ಅಂತ ಎದ್ದು ಹೋಗುವ ಮಗ, ಎಲ್ಲರೂ ಬಿಟ್ಟಿದ್ದನ್ನು ತಿಂದು ಮಲಗುವ ತಾಯಿ, ಇಬ್ಬರೂ ಈ ಲೆಕ್ಕದೊಳಗೇ ಇರಬಹುದು.

ಒಂದು ಕುದಿ, ಎರಡು ಅಡುಗೆ

ಬಸ್ಸಿನ ಹಿರಿಯಾಕೆ ಈ ಸಮೀಕ್ಷೆ ಓದಿದವರಲ್ಲ. ಆದರೆ ಔಷಧಿ ಅವರ ಮಡಿಲಲ್ಲೇ ಇತ್ತು.

"ಬಸ್ಸಾರು ಮಾಡಾಕಿಲ್ವೇನವ್ವ ನೀನು?"

"ಭಾನುವಾರ ಮಾಡ್ತೀನಿ ಅಕ್ಕ. ದಿನಾ ಎಲ್ಲಾಯ್ತದೆ?"

"ಭಾನುವಾರದ ಅಡುಗೆ ಅಲ್ಲ ಕಣವ್ವ ಅದು. ಹೊತ್ತಿಲ್ಲದೋರ ಅಡುಗೆ."

ನೂರಕ್ಕೆ ನೂರು ನಿಜ. ಬಸ್ಸಾರು ಅಂದರೆ ಬಸಿದ ಸಾರು. ಕಾಳು, ಸೊಪ್ಪು ಒಟ್ಟಿಗೆ ಬೇಯಿಸಿ ಬಸಿದರೆ ಕೆಳಗಿನ ಕಟ್ಟು ಸಾರಾಗುತ್ತೆ, ಮೇಲಿನದು ಪಲ್ಯ ಆಗುತ್ತೆ. ಸೊಪ್ಪು ಬೆಂದ ನೀರು ಮೋರಿಗೆ ಚೆಲ್ಲುವ ಮನೆಗಳಲ್ಲಿ ನೀರಿನಲ್ಲಿ ಕರಗುವ ಜೀವಸತ್ವಗಳೂ ಅದರ ಜೊತೆಗೇ ಹೋಗುತ್ತವೆ. ಬಸ್ಸಾರಿನಲ್ಲಿ ಆ ನೀರೇ ಸಾರು.

ಐದು ಜನಕ್ಕೆ ಅಳತೆ ಹೀಗೆ. ಬೆಳಿಗ್ಗೆ ಬಸ್ಸಿಗೆ ಓಡುವ ಮುಂಚೆ ಒಂದು ಲೋಟ ಹೆಸರುಕಾಳು ನೆನೆಹಾಕಿ. ಸಂಜೆ ಬಂದವರೇ ಆ ನೀರು ಬಸಿದು, ಐದಾರು ಲೋಟ ನೀರಿಟ್ಟು ಕಾಳು ಬೇಯೋಕೆ ಹಾಕಿ. ಕುಕ್ಕರಾದರೆ ಒಂದೇ ಕೂಗು ಸಾಕು. ಕಾಳು ಬೇಯಬೇಕು, ಕರಗಬಾರದು. ಅಷ್ಟರಲ್ಲಿ ಎರಡು ಕಟ್ಟು ದಂಟಿನ ಸೊಪ್ಪು ಬಿಡಿಸಿ, ತೊಳೆದು, ಹೆಚ್ಚಿಟ್ಟುಕೊಳ್ಳಿ. ಬೆಂದ ಕಾಳಿಗೆ ಸೊಪ್ಪು, ಉಪ್ಪು ಹಾಕಿ ಮುಚ್ಚಳ ತೆಗೆದೇ ಐದಾರು ನಿಮಿಷ ಕುದಿಸಿ, ಬಸೀರಿ.

ಮಸಾಲೆಗೆ ಒಂದು ಈರುಳ್ಳಿ, ಆರೇಳು ಎಸಳು ಬೆಳ್ಳುಳ್ಳಿ, ಒಂದು ಚಮಚ ಜೀರಿಗೆ, ಅರ್ಧ ಚಮಚ ಮೆಣಸು ಇಷ್ಟನ್ನು ಎಣ್ಣೆಯಲ್ಲಿ ಬಾಡಿಸಿಕೊಳ್ಳಿ. ಎರಡು ಚಮಚ ಸಾರಿನ ಪುಡಿ, ಒಂದು ಹಿಡಿ ಕಾಯಿತುರಿ, ಗೋಲಿ ಗಾತ್ರದ ಹುಣಸೆಹಣ್ಣು ಸೇರಿಸಿ ರುಬ್ಬಿ. ರುಬ್ಬುವಾಗ ಬೆಂದ ಕಾಳು ಸೊಪ್ಪು ಎರಡು ಸೌಟು ಹಾಕೋದು ಮರೀಬೇಡಿ. ಸಾರು ಮಂದ ಆಗೋದೇ ಅದರಿಂದ. ಇದನ್ನು ಕಟ್ಟಿಗೆ ಬೆರೆಸಿ ಕುದಿಸಿ, ಸಾಸಿವೆ ಕರಿಬೇವು ಒಗ್ಗರಣೆ ಕೊಟ್ಟರೆ ಸಾರು. ಉಳಿದ ಕಾಳು ಸೊಪ್ಪಿಗೆ ಈರುಳ್ಳಿ, ಒಣಮೆಣಸಿನಕಾಯಿ ಒಗ್ಗರಣೆ ಹಾಕಿ ಮೇಲೆ ಕಾಯಿತುರಿ ಉದುರಿಸಿದರೆ ಪಲ್ಯ. ಕೈ ಪಳಗಿದವರಿಗೆ ಎಲ್ಲಾ ಸೇರಿ ಮುಕ್ಕಾಲು ಗಂಟೆ.

ಹೆಸರುಕಾಳು ಇಲ್ಲವಾ? ಹುರುಳಿ, ಅಲಸಂದೆ, ತೊಗರಿಬೇಳೆ ಯಾವುದಾದರೂ ಆಗುತ್ತೆ. ಹುರುಳಿಗೆ ಮಾತ್ರ ಇನ್ನೆರಡು ಮೂರು ಕೂಗು ಬೇಕು. ಸೊಪ್ಪು ಸಿಗದ ದಿನ ಹುರುಳಿಕಾಯಿ, ಎಲೆಕೋಸು.

ಒಂದೇ ಪಾತ್ರೆ, ನಾಲ್ಕು ತಟ್ಟೆ

ಈಗ ಆ ಬಟ್ಟೆ ಅಂಗಡಿಯಾಕೆಯ ಮನೆಗೆ ಬನ್ನಿ. ಮಾವನಿಗೆ ಹಿಟ್ಟು, ಬಸ್ಸಾರು. ಮಗಳಿಗೆ ಅನ್ನ, ಪಲ್ಯ, ಮೊಸರು. ಚಿಕ್ಕವನಿಗೆ ಅನ್ನಕ್ಕೆ ಸಾರು, ಮೇಲೊಂದು ಚಮಚ ತುಪ್ಪ. ಸಾರಿನಲ್ಲಿ ಎಲೆ ಕಾಣಲ್ಲ, ರುಬ್ಬಿ ಹೋಗಿದೆ. ಗಂಡ ಹೆಂಡತಿಗೆ ಎರಡೂ. ಯಾರಿಗೂ ಬೇರೆ ಒಲೆ ಹೊತ್ತಿಸಲಿಲ್ಲ. ತಟ್ಟೆ ಬೇರೆ, ಪಾತ್ರೆ ಒಂದೇ.

ಖಾರದ ಜಗಳ ಇರುವ ಮನೆಗೆ ಉಪ್ಸಾರು ಇನ್ನೂ ಸಲೀಸು. ಬೇಯಿಸೋದು, ಬಸಿಯೋದು ಹೀಗೇನೇ. ಕಟ್ಟಿಗೆ ಉಪ್ಪು ಮಾತ್ರ. ಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಮೆಣಸು, ಹುಣಸೆ ರುಬ್ಬಿದ ಖಾರ ಬೇರೆ ಬಟ್ಟಲಲ್ಲಿ. ತಾತ ಅರ್ಧ ಚಮಚ ಕಲಸಿಕೊಳ್ಳಲಿ, ಮೊಮ್ಮಗ ಮುಟ್ಟದೇ ಇರಲಿ. ಅವರವರ ನಾಲಗೆಗೆ ಅವರವರೇ ಯಜಮಾನರು.

ಹಿಟ್ಟಿನ ವಿಷಯ ನಮ್ಮೂರಿನವರಿಗೆ ಹೇಳೋದೇ ನಾಚಿಕೆ. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಮೇಲೆ ಕ್ಯಾಲ್ಸಿಯಂ ಇದೆ. ಅಕ್ಕಿ ಅದರ ಹತ್ತಿರಕ್ಕೂ ಸುಳಿಯಲ್ಲ. ನಮ್ಮ ವಿ.ಸಿ. ಫಾರಂನಲ್ಲೇ ಲಕ್ಷ್ಮಣಯ್ಯನವರು ಭಾರತದ ರಾಗಿಗೆ ಆಫ್ರಿಕಾದ ರಾಗಿ ಕೂಡಿಸಿ ಇಂಡಾಫ್ ತಳಿಗಳನ್ನು ಎಬ್ಬಿಸಿ, ನಾಡಿಗೆಲ್ಲ 'ರಾಗಿ ಲಕ್ಷ್ಮಣಯ್ಯ' ಆದರು. ಅವರ ಊರಿನಲ್ಲೇ ಮಕ್ಕಳು ಮುದ್ದೆ ಕಂಡು ಮೂಗು ಮುರಿದರೆ ಏನನ್ನೋಣ? ಮುದ್ದೆ ಬೇಡ ಅನ್ನುವ ಮಗುವಿಗೆ ಅದೇ ಹಿಟ್ಟಿನಲ್ಲಿ ಈರುಳ್ಳಿ ಹಾಕಿ ಒಂದು ರೊಟ್ಟಿ ತಟ್ಟಿ ಕೊಡಿ, ಪಲ್ಯ ಸುತ್ತಿ ತಿನ್ನಲಿ.

ಬಡಿದು ಬಾಯಿಗಿಡಬೇಡಿ

ಸೊಪ್ಪನ್ನು ಸಾರಲ್ಲಿ ರುಬ್ಬಿ ಬಚ್ಚಿಟ್ಟರೆ ಹೊಟ್ಟೆಗೇನೋ ಸೇರುತ್ತೆ, ನಾಲಗೆ ಕಲಿಯಲ್ಲ. ಅದಕ್ಕೇ ತಟ್ಟೆಯ ಮೂಲೆಯಲ್ಲಿ ಒಂದೇ ಚಮಚ ಪಲ್ಯ ಇಡಿ. ತಿನ್ನು ಅಂತ ಗದರಬೇಡಿ, ತಿಂದರೆ ಚಾಕಲೇಟು ಅಂತ ಲಂಚವನ್ನೂ ಒಡ್ಡಬೇಡಿ. ಹೊಸ ರುಚಿ ಮಗುವಿಗೆ ಹಿಡಿಸೋಕೆ ಎಂಟು ಹತ್ತು ಸಲ, ಕೆಲವರಿಗೆ ಇನ್ನೂ ಹೆಚ್ಚು ಸಲ ಬೇಕಾಗುತ್ತೆ ಅಂತ ಇದನ್ನು ಪರೀಕ್ಷೆ ಮಾಡಿ ನೋಡಿದವರು ಹೇಳ್ತಾರೆ. ನಾವು ಎರಡನೇ ದಿನಕ್ಕೇ 'ಇವನು ಸೊಪ್ಪು ತಿನ್ನಲ್ಲ' ಅಂತ ತೀರ್ಪು ಕೊಟ್ಟು ಫೈಲು ಮುಚ್ಚಿಬಿಡ್ತೀವಿ.

ಅಮೆರಿಕದ ಆಹಾರ ತಜ್ಞೆ ಎಲಿನ್ ಸ್ಯಾಟರ್ ಇದಕ್ಕೊಂದು ಸರಳ ಪಾಲುಪಟ್ಟಿ ಮಾಡಿಟ್ಟಿದ್ದಾರೆ. ಏನು, ಯಾವಾಗ, ಎಲ್ಲಿ ಅನ್ನೋದು ದೊಡ್ಡವರ ಪಾಲು. ತಿನ್ನಬೇಕಾ, ಎಷ್ಟು ತಿನ್ನಬೇಕು ಅನ್ನೋದು ಮಗುವಿನ ಪಾಲು. ನಮ್ಮ ಮನೆಗಳಲ್ಲಿ ಇದು ತಿರುಗು ಮುರುಗು. ಏನು ಮಾಡಬೇಕು ಅಂತ ಮಗ ಆಜ್ಞೆ ಮಾಡ್ತಾನೆ, ಎಷ್ಟು ತಿನ್ನಬೇಕು ಅಂತ ಅವ್ವ ಹಿಂದೆ ಓಡ್ತಾಳೆ.

ಎರಡು ಸಣ್ಣ ಮಾತು ನೆನಪಿರಲಿ. ಪಲ್ಯಕ್ಕೆ ಅರ್ಧ ನಿಂಬೆಹಣ್ಣು ಹಿಂಡಿದರೆ ಸೊಪ್ಪಿನ ಕಬ್ಬಿಣದಂಶ ಮೈಗೆ ಚೆನ್ನಾಗಿ ಹತ್ತುತ್ತೆ. ಉಂಡ ಕೂಡಲೇ ಕಾಫಿ ಟೀ ಕುಡಿದರೆ ಅದು ಹತ್ತೋದಕ್ಕೆ ಅಡ್ಡಿ.

ಕೊನೇ ತಟ್ಟೆ

ಇಷ್ಟೆಲ್ಲ ಬರೆದದ್ದು ಮಕ್ಕಳ ಹಟದ ಬಗ್ಗೆ ಅನಿಸಬಹುದು. ಅಲ್ಲ. ಕೊನೆಗೆ ಉಣ್ಣುವವಳ ಬಗ್ಗೆ. ಮೂರು ಅಡುಗೆಯ ಮನೆಯಲ್ಲಿ ಅವಳು ಮೂರನೆಯದನ್ನು ಇಳಿಸುವ ಹೊತ್ತಿಗೆ ಮೊದಲನೆಯವರು ಕೈ ತೊಳೆದಾಗಿರುತ್ತೆ. ಒಂದೇ ಅಡುಗೆಯಾದರೆ ಅವಳೂ ಜೊತೆಗೆ ಕೂರಬಹುದು. ಬಿಸಿ ಇರುವಾಗಲೇ ಅವಳ ತಟ್ಟೆಗೂ ಒಂದು ಸೌಟು ಪಲ್ಯ ಬೀಳುತ್ತೆ.

ಅಂಗಡಿ ಬಾಗಿಲು ಎಳೆದು ಬರುವ ಗಂಡಸರೇ, ದಾರಿಯಲ್ಲಿ ಎರಡು ಕಟ್ಟು ಸೊಪ್ಪು ನೀವೇ ತನ್ನಿ. ಟೀವಿ ಮುಂದೆ ಕೂತೇ ಅದನ್ನು ಬಿಡಿಸಬಹುದು, ವಾರ್ತೆ ಏನೂ ಓಡಿಹೋಗಲ್ಲ. ಹಿಟ್ಟು ತೊಳಸೋಕೆ ರಟ್ಟೆಯಲ್ಲಿ ಕಸುವು ಬೇಕು, ಆ ಕೋಲು ನೀವು ಹಿಡಿದರೆ ಮರ್ಯಾದೆ ಏನೂ ಕರಗಲ್ಲ.

ಮಂಡ್ಯ ಸ್ಟ್ಯಾಂಡು ಬಂತು. ಹಿರಿಯಾಕೆ ಎದ್ದವರೇ ನಾಲ್ಕು ಕಟ್ಟಿನಲ್ಲಿ ಎರಡು ಕಟ್ಟು ಪಕ್ಕದಾಕೆಯ ಚೀಲಕ್ಕೆ ತುರುಕಿದರು. ಆಕೆ ಬೇಡ ಬೇಡ ಅಂದಳು, ದುಡ್ಡು ತೆಗೆಯೋಕೆ ಹೋದಳು.

"ದುಡ್ಡು ಮಡಗವ್ವ ಒಳಗೆ. ಬಾಯಿ ಮೂರಾದ್ರೂ ಒಲೆ ಒಂದೇಯ. ಇವತ್ತು ನೀನೂ ಅವರ ಜೊತೇಲೇ ಉಣ್ಣು."

ಓದುಗರೇ, ಇವತ್ತು ರಾತ್ರಿ ಮನೆಗೆ ಹೋದಾಗ 'ಏನು ಸಾರು?' ಅಂತ ಕೇಳುವ ಮುಂಚೆ ಇನ್ನೊಂದು ಮಾತು ಕೇಳಿ ನೋಡಿ: 'ನಿಂಗೆ ತಟ್ಟೆ ಹಾಕ್ಕೊಂಡ್ಯಾ?'