ಡಬ್ಬಿ ಮಾಂಸದ ಸ್ಟ್ಯೂ: ಉಪ್ಪಿನ ಲೆಕ್ಕ ಮರೆಯದಿರಿ

ಲಂಡನ್ನಿನ ಮಗನ ಮನೆಯಲ್ಲಿ ಎರಡು ತಿಂಗಳಿದ್ದು ಬಂದ ಹಿರಿಯರೊಬ್ಬರು ಊರಿಗೆ ಮರಳಿದ ಮೂರನೇ ದಿನ ನನ್ನ ಬಳಿ ಬಂದರು. ವರ್ಷಗಳಿಂದ ರಕ್ತದೊತ್ತಡಕ್ಕೆ ಮಾತ್ರೆ ನುಂಗುವವರು. ಪರೀಕ್ಷಿಸಿದರೆ ಒತ್ತಡ 180/100! ‘ಮಾತ್ರೆ ಒಂದು ದಿನವೂ ತಪ್ಪಿಸಿಲ್ಲ ಡಾಕ್ಟ್ರೇ. ಉಪ್ಪಿನಕಾಯಿ, ಹಪ್ಪಳ ಮುಟ್ಟಿಲ್ಲ’ ಎಂದರು. ಊಟದ ವಿಷಯ ವಿಚಾರಿಸಿದಾಗ ಗುಟ್ಟು ತಿಳಿಯಿತು. ಚಳಿಗೆ ಹಿತವೆಂದು ಮಗ ವಾರಕ್ಕೆ ನಾಲ್ಕೈದು ದಿನ ಡಬ್ಬಿ ಮಾಂಸದ ಸ್ಟ್ಯೂ ಮಾಡುತ್ತಿದ್ದನಂತೆ. ‘ಯುದ್ಧಕಾಲದ ಅಡುಗೆ, ಆರೋಗ್ಯಕ್ಕೆ ಒಳ್ಳೆಯದು’ ಎನ್ನುತ್ತಿದ್ದನಂತೆ.

ಮಗನ ಮಾತು ಅರ್ಧ ಸತ್ಯ. ಎರಡನೇ ಮಹಾಯುದ್ಧದ ವೇಳೆ, 1940ರಲ್ಲಿ, ಬ್ರಿಟನ್ನಿನಲ್ಲಿ ಆಹಾರದ ಪಡಿತರ ಆರಂಭವಾಯಿತು. ಅದು ಪೂರ್ತಿ ಮುಗಿದದ್ದು 1954ರಲ್ಲಿ. ಮಾಂಸ ಸಿಗುತ್ತಿದ್ದುದು ಅಳತೆಯಲ್ಲಿ. ಅದರಲ್ಲೂ ಒಂದು ಪಾಲು ಕಾರ್ನ್ಡ್ ಬೀಫ್, ಅಂದರೆ ಉಪ್ಪಿನಲ್ಲಿ ಹದಗೊಳಿಸಿ ಡಬ್ಬಿಗೆ ತುಂಬಿದ ದನದ ಮಾಂಸ. ಆಲೂಗಡ್ಡೆ, ಕ್ಯಾರೆಟ್‌ಗಳಿಗೆ ಯುದ್ಧದುದ್ದಕ್ಕೂ ಪಡಿತರವಿರಲಿಲ್ಲ. ಆದ್ದರಿಂದ ಗೃಹಿಣಿಯರು ಪಾತ್ರೆ ತುಂಬ ತರಕಾರಿ ಹಾಕಿ, ರುಚಿಗೆ ಮಾತ್ರ ಮಾಂಸ ಬೆರೆಸುತ್ತಿದ್ದರು. ಆ ಸ್ಟ್ಯೂವಿನ ಗುಣ ಇರುವುದು ಈ ಪ್ರಮಾಣದಲ್ಲಿ, ಡಬ್ಬಿಯಲ್ಲಲ್ಲ. ಮಗ ಇಬ್ಬರಿಗೆ ಒಂದು ಡಬ್ಬಿ ಸುರಿದು, ಮೇಲೆ ಸೂಪಿನ ಕ್ಯೂಬು, ಉಪ್ಪು ಎರಡನ್ನೂ ಹಾಕುತ್ತಿದ್ದ.

ಲೆಕ್ಕ ನೋಡಿ. 100 ಗ್ರಾಂ ಕಾರ್ನ್ಡ್ ಬೀಫ್‌ನಲ್ಲಿ ಸುಮಾರು 2 ಗ್ರಾಂ ಉಪ್ಪಿರುತ್ತದೆ. 340 ಗ್ರಾಂ ಡಬ್ಬಿಯನ್ನು ಇಬ್ಬರು ತಿಂದರೆ ತಲಾ 3 ಗ್ರಾಂ ಮೀರಿತು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಯಸ್ಕರಿಗೆ ಇಡೀ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು. ಹೆಚ್ಚಾದ ಉಪ್ಪು ದೇಹದಲ್ಲಿ ನೀರನ್ನು ಹಿಡಿದಿಟ್ಟು ರಕ್ತದೊತ್ತಡವನ್ನು ಏರಿಸುತ್ತದೆ.

ಮಾಡುವ ಕ್ರಮ

ನಾಲ್ವರಿಗೆ ಅರ್ಧ ಡಬ್ಬಿ ಮಾಂಸ ಸಾಕು. ಎರಡು ಈರುಳ್ಳಿಯನ್ನು ಒಂದು ಚಮಚ ಎಣ್ಣೆಯಲ್ಲಿ ಬಾಡಿಸಿ. ಅರ್ಧ ಕಿಲೊ ಆಲೂಗಡ್ಡೆ, ಮೂರು ಕ್ಯಾರೆಟ್, ಒಂದು ಟರ್ನಿಪ್ ಹೆಚ್ಚಿ ಹಾಕಿ, ಒಂದು ಲೀಟರ್ ನೀರು ಸೇರಿಸಿ ಮುಚ್ಚಿ ಬೇಯಿಸಿ. ಬೆಂದ ಮೇಲೆ ಎಲೆಕೋಸು, ಎರಡು ಚಮಚ ಓಟ್ಸ್, ಕಾಳುಮೆಣಸಿನ ಪುಡಿ ಹಾಕಿ. ಡಬ್ಬಿ ಮಾಂಸ ಮೊದಲೇ ಬೆಂದಿರುವುದರಿಂದ ಕೊನೆಯ ಹತ್ತು ನಿಮಿಷಕ್ಕೆ ಬೆರೆಸಿದರೆ ಸಾಕು. ಉಪ್ಪು ಬೇಡ, ಕ್ಯೂಬೂ ಬೇಡ. ಮೂತ್ರಪಿಂಡದ ತೊಂದರೆ ಇರುವವರು ವೈದ್ಯರನ್ನು ಕೇಳದೆ ತಿನ್ನಬಾರದು.

ಡಬ್ಬಿಯ ಬಗ್ಗೆ ಎಚ್ಚರ

ಉಬ್ಬಿದ, ಸೋರುವ, ಅಂಚಿನಲ್ಲಿ ಜಜ್ಜಿದ ಡಬ್ಬಿಯನ್ನು ರುಚಿ ನೋಡದೆ ಎಸೆಯಿರಿ. ಗಾಳಿಯಿಲ್ಲದೆಡೆ ಬೆಳೆಯುವ ಕ್ಲಾಸ್ಟ್ರಿಡಿಯಂ ಬಾಟುಲಿನಮ್ ಎಂಬ ರೋಗಾಣುವಿನ ವಿಷ ನರಗಳನ್ನು ಕುಂಠಿತಗೊಳಿಸುತ್ತದೆ. ಕಣ್ಣು ಮಂಜಾಗುವುದು, ಒಂದು ವಸ್ತು ಎರಡಾಗಿ ಕಾಣುವುದು, ನುಂಗಲು ಕಷ್ಟವಾಗುವುದು ಇದರ ಲಕ್ಷಣಗಳು. ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಡಬ್ಬಿ ತೆರೆದ ಮೇಲೆ ಉಳಿದ ಮಾಂಸವನ್ನು ಬೇರೆ ಪಾತ್ರೆಗೆ ಹಾಕಿ ಫ್ರಿಜ್ಜಿನಲ್ಲಿಟ್ಟು ಎರಡು ದಿನದೊಳಗೆ ಮುಗಿಸಿ.

ಹೀಗೆ ಸಂಸ್ಕರಿಸಿದ ಮಾಂಸವು ಕರುಳಿನ ಕ್ಯಾನ್ಸರಿಗೆ ಕಾರಣವಾಗಬಲ್ಲದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2015ರಲ್ಲಿ ತಿಳಿಸಿದೆ. ಆದ್ದರಿಂದ ಇದು ಅಪರೂಪದ ಊಟವಾಗಿರಲಿ.

ನಮ್ಮ ಹಿರಿಯರು ಊಟ ಬದಲಿಸಿದರು, ಮಾತ್ರೆ ಅದೇ. ಮೂರು ವಾರದ ನಂತರ ಒತ್ತಡ 140/86ಕ್ಕೆ ಇಳಿದಿತ್ತು. ಮಗನಿಗೆ ಫೋನಿನಲ್ಲಿ ಹೇಳಿದರಂತೆ: ‘ಯುದ್ಧ ಮುಗಿದಿದೆಯಪ್ಪ, ಇನ್ನು ಉಪ್ಪು ಕಡಿಮೆ ಮಾಡು!’