ಎರಕದ ಊರುಗಳಲ್ಲಿ ಒಂದು ಸಂಚಾರ

ನಮ್ಮ ಸಣ್ಣ ಕೈಗಾರಿಕೋದ್ಯಮಿಗಳಲ್ಲಿ ಬಹುತೇಕರು ದೇಶವನ್ನು ಕಂಡಿರುವುದು ಲಾರಿ ರಸೀದಿಗಳ ಮೂಲಕ. ಮಾಲು ರಾಜ್‌ಕೋಟಕ್ಕೆ ಹೋಗುತ್ತದೆ, ಕೊಯಮತ್ತೂರಿಗೆ ಹೋಗುತ್ತದೆ. ಮಾಲೀಕನು ಮಾತ್ರ ತನ್ನ ಕಾರ್ಖಾನೆಯ ಬಾಗಿಲು ಬಿಟ್ಟು ಕದಲುವುದಿಲ್ಲ. ಬೆಳಗಾವಿಯ ಉದ್ಯಮಬಾಗದಲ್ಲಿ ಸಣ್ಣದೊಂದು ಎರಕದ ಕಾರ್ಖಾನೆಯನ್ನು ನಡೆಸುವ ನಾನೂ ಬಹುಕಾಲ ಹೀಗೆಯೇ ಇದ್ದೆ. ಕಡೆಗೆ ನಷ್ಟವೊಂದು ನನ್ನನ್ನು ಹೊರಡಿಸಿತು.

2003ರ ದೀಪಾವಳಿಗೆ ಮುನ್ನ ರಾಜ್‌ಕೋಟದ ಗ್ರಾಹಕರೊಬ್ಬರಿಗೆ ಪಂಪಿನ ಎರಕಗಳನ್ನು ಕಳುಹಿಸಿದ್ದೆವು. ಮಾಲು ತಲುಪಿದೊಡನೆ ಹಣ ಬರುವುದು, ಅದರಿಂದ ಕಾರ್ಮಿಕರಿಗೆ ಬೋನಸ್ ಕೊಡುವುದು ಎಂಬುದು ನಮ್ಮ ಲೆಕ್ಕಾಚಾರ. ಆಗಿನ್ನೂ ರಾಜ್ಯದ ಗಡಿಗಡಿಗೆ ತೆರಿಗೆಯ ಚೆಕ್‌ಪೋಸ್ಟುಗಳಿದ್ದವು. ಅವು ತೊಲಗಿದ್ದು 2017ರಲ್ಲಿ ಜಿಎಸ್‌ಟಿ ಬಂದ ಮೇಲೆ. ಲಾರಿಯು ಅಲ್ಲಲ್ಲಿ ನಿಂತು ಧನತ್ರಯೋದಶಿಯ ಸಂಜೆ ಊರು ಸೇರಿತು. ಸೌರಾಷ್ಟ್ರದ ವ್ಯಾಪಾರಿಯು ದೀಪಾವಳಿಗೆ ಹಳೆಯ ಲೆಕ್ಕದ ಪುಸ್ತಕ ಮುಚ್ಚಿದನೆಂದರೆ ಲಾಭಪಂಚಮಿಯ ಮುಹೂರ್ತದವರೆಗೆ ವ್ಯವಹಾರಕ್ಕೆ ಕುಳಿತುಕೊಳ್ಳುವುದಿಲ್ಲವೆಂಬ ಸಂಗತಿ ನಮಗೆ ತಿಳಿದಿರಲಿಲ್ಲ. ಮಾಲು ಟ್ರಾನ್ಸ್‌ಪೋರ್ಟ್ ಗೋದಾಮಿನಲ್ಲಿಯೇ ಬಿದ್ದಿತ್ತು. ಮನೆಯಾಕೆಯ ಬಳೆಗಳನ್ನು ಒತ್ತೆಯಿಟ್ಟು ಬೋನಸ್ ಹಂಚಿದೆ.

ಆ ಡಿಸೆಂಬರಿನಲ್ಲಿ ಸ್ವತಃ ರಾಜ್‌ಕೋಟಕ್ಕೆ ಹೋದೆ. ಮಧ್ಯಾಹ್ನ ಒಂದೂವರೆಗೆ ಪೇಟೆ ತಲುಪಿದರೆ ಅಂಗಡಿಗಳೆಲ್ಲ ಮುಚ್ಚಿವೆ. ಬಂದ್ ಇರಬೇಕೆಂದು ಭಾವಿಸಿದೆ. ಊಟದ ನಂತರ ನಾಲ್ಕರವರೆಗೆ ವಿಶ್ರಮಿಸಿ, ಆಮೇಲೆ ರಾತ್ರಿಯವರೆಗೂ ವ್ಯಾಪಾರ ಮಾಡುವುದು ಆ ಊರಿನ ರೂಢಿಯಂತೆ. ಗ್ರಾಹಕರು ನನ್ನನ್ನು ಮನೆಗೇ ಕರೆದೊಯ್ದು ಉಣಬಡಿಸಿದರು. "ಭಾಯಿ, ತಮ್ಮ ಮಾಲಿನಲ್ಲಿ ದೋಷವಿಲ್ಲ. ಆದರೆ ಜನ್ಮಾಷ್ಟಮಿಯ ಜಾತ್ರೆಯ ದಿನಗಳಲ್ಲಿಯೂ ದೀಪಾವಳಿಯ ವಾರದಲ್ಲಿಯೂ ಇಲ್ಲಿಗೆ ಏನನ್ನೂ ಕಳುಹಿಸಬೇಡಿ" ಎಂದರು. ಬಾಕಿಯ ಮಾತನ್ನು ನಾನೆತ್ತುವ ಮೊದಲೇ ಚೆಕ್ಕು ಬಂದಿತು. ಹತ್ತು ಪತ್ರಗಳಿಗೆ ಹೊರಡದ ಹಣ ಒಂದು ಊಟದಲ್ಲಿ ಹೊರಟಿತು.

ಅಂದಿನಿಂದ ವರ್ಷಕ್ಕೊಂದು ಎರಕದ ಊರನ್ನು ನೋಡುವ ಅಭ್ಯಾಸವಾಯಿತು. ಕಬ್ಬಿಣವನ್ನು ಕರಗಿಸಿ ಮರಳಿನ ಅಚ್ಚಿಗೆ ಸುರಿಯುವ ಕಸುಬು ಎಲ್ಲೆಡೆಯೂ ಒಂದೇ. ಅದನ್ನು ಬದುಕಿಸಿರುವ ಕಾರಣಗಳು ಮಾತ್ರ ಊರೂರಿಗೆ ಬೇರೆ.

ಪಂಜಾಬಿನ ಬಟಾಲಾದಲ್ಲಿ ಕಾಡಿದ ಪ್ರಶ್ನೆ ಇದು: ಅದಿರಿನ ಗಣಿಯೂ ಕಲ್ಲಿದ್ದಲೂ ಸಾವಿರಾರು ಕಿಲೋಮೀಟರು ದೂರದಲ್ಲಿರುವಾಗ, ಗಡಿಯ ಅಂಚಿನ ಈ ಪಟ್ಟಣದಲ್ಲಿ ಇಷ್ಟೊಂದು ಕುಲುಮೆಗಳು ಹೇಗೆ ಹುಟ್ಟಿದವು? ಕುಶಲ ಕಮ್ಮಾರರ ಪರಂಪರೆ ಒಂದು ಕಾರಣ. 1952ರಲ್ಲಿ ಆರಂಭವಾದ ಸಾಗಾಣಿಕೆ ದರ ಸಮೀಕರಣ ನೀತಿ ಮತ್ತೊಂದು. ಅದರನ್ವಯ ಕಬ್ಬಿಣ ಮತ್ತು ಉಕ್ಕು ದೇಶದ ಯಾವ ರೈಲು ನಿಲ್ದಾಣದಲ್ಲಿಯೂ ಹೆಚ್ಚುಕಡಿಮೆ ಒಂದೇ ಬೆಲೆಗೆ ದೊರೆಯುತ್ತಿತ್ತು. 1990ರ ದಶಕದ ಆರಂಭದಲ್ಲಿ ಆ ನೀತಿ ಕೊನೆಗೊಂಡಿತು. ಅದಕ್ಕೆ ಮುಂಚಿನ ವರ್ಷಗಳ ಉಗ್ರವಾದವು ಅನೇಕ ಘಟಕಗಳಿಗೆ ಆಗಲೇ ಬೀಗ ಹಾಕಿಸಿತ್ತು. ನಾನು ಹೋದಾಗ ಉಳಿದವರು ಗುಜರಿ ಕಬ್ಬಿಣವನ್ನು ಆರಿಸುವ ಜಾಣ್ಮೆಯಿಂದಲೇ ಉಳಿದಿದ್ದರು. ಹೊಸಬನೆಂದು ಬಚ್ಚಿಡದೆ, ಯಾವ ಗುಜರಿಯನ್ನು ಯಾವ ಪ್ರಮಾಣದಲ್ಲಿ ಬೆರೆಸಬೇಕೆಂದು ಲಸ್ಸಿಯ ಲೋಟ ಕೈಗಿಟ್ಟು ವಿವರಿಸಿದರು.

ಹೌರಾದಲ್ಲಿ ಸ್ಥಿತಿ ತದ್ವಿರುದ್ಧ. ಝರಿಯಾದ ಕಲ್ಲಿದ್ದಲು ಪ್ರದೇಶ, ದುರ್ಗಾಪುರದ ಉಕ್ಕು, ಕೋಲ್ಕತ್ತಾದ ಬಂದರು, ಎಲ್ಲವೂ ಸಮೀಪ. ಅಮೆರಿಕದ ನಗರಗಳ ರಸ್ತೆಗಳಲ್ಲಿ ತುಳಿಯುವ ಮ್ಯಾನ್‌ಹೋಲ್ ಮುಚ್ಚಳಗಳಲ್ಲಿ ಎಷ್ಟೋ ಇಲ್ಲಿಯವು. ಬೆಲಿಲಿಯಸ್ ರಸ್ತೆಯ ಇಕ್ಕಟ್ಟಿನ ಶೆಡ್ಡುಗಳಲ್ಲಿ ಬರಿಗಾಲಿನ ಕಾರ್ಮಿಕರು ದ್ರವಲೋಹವನ್ನು ಹೊತ್ತು ನಡೆಯುವುದನ್ನು ಕಂಡು ನನಗೆ ಅಳುಕಾಯಿತು. ನಮ್ಮಲ್ಲಿಯೂ ಹಿಂದೆ ಹಾಗೆಯೇ ನಡೆಯುತ್ತಿತ್ತೆಂಬುದು ನೆನಪಾಗಿ ನಾಚಿಕೆಯೂ ಆಯಿತು. ಆದರೆ ಕೋಕ್ ಉಳಿಸುವ ವಿದ್ಯೆಯನ್ನು ನಾನು ಕಲಿತದ್ದೂ ಅಲ್ಲಿಯೇ. ಕುಪೋಲಾ ಕುಲುಮೆಗೆ ಗಾಳಿಯನ್ನು ಒಂದೇ ಸಾಲಿನ ಬದಲು ಎರಡು ಸಾಲು ರಂಧ್ರಗಳಿಂದ ಊದಿದರೆ ಇಂಧನ ಗಣನೀಯವಾಗಿ ಉಳಿಯುತ್ತದೆ. ದೆಹಲಿಯ ಟೆರಿ ಸಂಸ್ಥೆಯು 1990ರ ದಶಕದ ಕೊನೆಯಲ್ಲಿ ಇಂಥ ಕುಲುಮೆಯನ್ನು ಹೌರಾದಲ್ಲಿಯೇ ಕಟ್ಟಿ ತೋರಿಸಿತ್ತು. ಹೌರಾಕ್ಕೆ ಹೋಗುವವರು ಸೆಪ್ಟೆಂಬರ್ 17ರ ಆಸುಪಾಸಿನ ದಿನಗಳನ್ನು ತಪ್ಪಿಸಬೇಕು; ವಿಶ್ವಕರ್ಮ ಪೂಜೆಯಂದು ಅಲ್ಲಿ ಕುಲುಮೆ ಉರಿಯುವುದಿಲ್ಲ. ಊಟದ ಆಸೆಯಿದ್ದರೆ ಮಾತು ಬೇರೆ.

ಇನ್ನು ಕೊಯಮತ್ತೂರು. ಅಲ್ಲಿನ ಪಂಪು ತಯಾರಕರೊಬ್ಬರು ನಮ್ಮ ಮೊದಲ ಸರಕಿನಲ್ಲಿ ಮೂರರಲ್ಲಿ ಒಂದು ಪಾಲನ್ನು ತಿರಸ್ಕರಿಸಿ ಡೆಬಿಟ್ ನೋಟ್ ಕಳುಹಿಸಿದರು. ಜಗಳವಾಡಲೆಂದೇ ಹೊರಟಿದ್ದೆ. ಅವರು ಮಾತನಾಡದೆ ಎರಕವೊಂದನ್ನು ಸೀಳಿಸಿ ಒಳಗಿನ ಗಾಳಿರಂಧ್ರಗಳನ್ನು ತೋರಿಸಿದರು. ನಮ್ಮ ಮರಳಿನಲ್ಲಿ ತೇವ ಹೆಚ್ಚಾಗಿತ್ತು. ತಪ್ಪು ನಮ್ಮದೇ. ಬಳಿಕ ಆ ಊರಿನ ಸಿಟಾರ್ಕ್ ಪರೀಕ್ಷಾ ಕೇಂದ್ರವನ್ನು ನೋಡಿದೆ. 1969ರಲ್ಲಿ ಸ್ಥಾಪಿತವಾದ ಕೊಡಿಸಿಯಾದಂಥ ಸಣ್ಣ ಕೈಗಾರಿಕೆಗಳ ಸಂಘವಿರುವ ಊರು ಅದು. ಒಬ್ಬನಿಗೆ ನಿಲುಕದ ಯಂತ್ರವನ್ನು ಹಲವರು ಹಂಚಿಕೊಂಡು ಬಳಸುವುದು ಅವರಿಗೆ ಸಹಜ. ನಮ್ಮ ಬೆಳಗಾವಿಯಲ್ಲಿಯೂ ಫೌಂಡ್ರಿ ಕ್ಲಸ್ಟರ್ ಬಂದ ಮೇಲೆ ಪ್ರಯೋಗಾಲಯದ ಸೌಲಭ್ಯ ಒದಗಿದೆ. ಅದನ್ನು ಉಪಯೋಗಿಸಿಕೊಳ್ಳದ ಸದಸ್ಯರು ಇನ್ನೂ ಇದ್ದಾರೆಂಬುದು ಖೇದದ ವಿಷಯ. ಹೊರಡುವ ದಿನ ಚಹದಂಗಡಿಯಲ್ಲಿ ವೃದ್ಧರಿಬ್ಬರ ಕನ್ನಡ ಕಿವಿಗೆ ಬಿದ್ದು ತಿರುಗಿ ನೋಡಿದೆ. ನೇಕಾರಿಕೆಯ ದೇವಾಂಗ ಮನೆತನದವರು. ತಲೆಮಾರುಗಳಿಂದ ತಮಿಳುನಾಡಿನಲ್ಲಿದ್ದರೂ ಮನೆಮಾತು ಉಳಿದಿದೆ.

ಉದ್ದರಿಯ ವಿಚಾರವನ್ನೂ ಹೇಳಬೇಕು. ಒಂದು ಊರಿನಲ್ಲಿ ಅರವತ್ತು ದಿನವೆಂದರೆ ಅರವತ್ತು, ಮತ್ತೊಂದೆಡೆ ನೂರಿಪ್ಪತ್ತು. 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯಿದೆಯ ಪ್ರಕಾರ ಕಿರು ಮತ್ತು ಸಣ್ಣ ಘಟಕಗಳಿಗೆ ಬಾಕಿಯನ್ನು ಲಿಖಿತ ಕರಾರಿದ್ದರೂ 45 ದಿನ ಮೀರದಂತೆ, ಕರಾರಿಲ್ಲದಿದ್ದರೆ 15 ದಿನಗಳೊಳಗೆ ಪಾವತಿಸಬೇಕು. 2024ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಆದಾಯ ತೆರಿಗೆಯ ತಿದ್ದುಪಡಿಯಿಂದಾಗಿ, ಗಡುವು ಮೀರಿದ ಬಾಕಿಯನ್ನು ಖರೀದಿದಾರನು ಪಾವತಿ ಮಾಡಿದ ವರ್ಷದಲ್ಲಿ ಮಾತ್ರ ಖರ್ಚಾಗಿ ತೋರಿಸಬಹುದು. ಆದುದರಿಂದ ಬಿಲ್ಲಿನ ಮೇಲೆ ಉದ್ಯಮ್ ನೋಂದಣಿ ಸಂಖ್ಯೆಯನ್ನು ತಪ್ಪದೆ ಮುದ್ರಿಸಿರಿ. ನಾನು ಮುದ್ರಿಸಿದ್ದೇನೆ. ಆದರೂ ಹಳೆಯ ಗ್ರಾಹಕರಿಗೆ ಕಾಯಿದೆಯ ನೋಟೀಸು ಕಳುಹಿಸಲು ಮನಸ್ಸು ಒಪ್ಪಿಲ್ಲ. ಬಾಕಿ ಬಹಳ ಬೆಳೆದಾಗ ರೈಲಿಗೆ ಟಿಕೆಟ್ಟು ಕಾದಿರಿಸುತ್ತೇನೆ. ಈ ಸಲ ಲಾಭಪಂಚಮಿ ಕಳೆದ ಮೇಲೆ ರಾಜ್‌ಕೋಟ.