ಸೋತ ಅರಸನಿಗೆ ಸಂದ ಅಭಿಮಾನ

ಗೆದ್ದವರನ್ನು ಕೊಂಡಾಡುವುದು ಲೋಕರೂಢಿ. ಸೋಲು ನಿಶ್ಚಿತವೆಂದು ಅರಿತೂ ರಣಕ್ಕೆ ನಡೆದವನನ್ನು ಮೆಚ್ಚಿ ನೆನೆಯುವುದಕ್ಕೆ ಬೇರೆಯೇ ಒಂದು ಸಂಸ್ಕಾರ ಬೇಕು. ರನ್ನನ ಗದಾಯುದ್ಧವನ್ನು ಓದಿ ದುರ್ಯೋಧನನಿಗಾಗಿ ಮರುಗಿದ ಕನ್ನಡಿಗರಿಗೆ ಈ ಭಾವ ಹೊಸದಲ್ಲ. ಆದರೆ ಅದೇ ಭಾವವನ್ನು ಇಂದಿನ ತರುಣರು ದೂರದ ಆಂಗ್ಲ ಕಥಾಗ್ರಂಥವೊಂದರ ಅರಸನ ಮೇಲೆ ಹರಿಸಿದಾಗ ಮನೆಯ ಹಿರಿಯರು ಅದನ್ನು ಹುಡುಗಾಟಿಕೆಯೆಂದು ತಳ್ಳಿಹಾಕುವುದುಂಟು. ಹಾಗೆ ತಳ್ಳಿಹಾಕುವ ಮುನ್ನ ಆ ಅರಸನಾರು, ಅವನಲ್ಲಿ ಓದುಗರು ಕಂಡದ್ದೇನು ಎಂಬುದನ್ನು ತಿಳಿಯುವುದು ನ್ಯಾಯವೆಂದು ತೋರಿ ಈ ಲೇಖನವನ್ನು ಸದ್ಭಕ್ತ ಓದುಗರ ಮುಂದಿಡುತ್ತಿದ್ದೇನೆ.

ಆ ಅರಸನ ಹೆಸರು ಫಿಂಗಾಲ್ಫಿನ್. ಅವನನ್ನು ಸೃಷ್ಟಿಸಿದವರು ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾಗಿದ್ದ, ಪ್ರಾಚೀನ ಆಂಗ್ಲ ಭಾಷಾಸಾಹಿತ್ಯಗಳಲ್ಲಿ ಪಾರಂಗತರಾದ ಜೆ.ಆರ್.ಆರ್. ಟೋಲ್ಕಿನ್ (1892–1973). 1954-55ರಲ್ಲಿ ಮೂರು ಸಂಪುಟಗಳಾಗಿ ಹೊರಬಂದ ಅವರ 'ದಿ ಲಾರ್ಡ್ ಆಫ್ ದಿ ರಿಂಗ್ಸ್' ಜಗತ್ಪ್ರಸಿದ್ಧವಾಯಿತು. ಫಿಂಗಾಲ್ಫಿನ್‌ನ ಕಥೆಯಿರುವುದು ಆ ಗ್ರಂಥದಲ್ಲಲ್ಲ. ಅದಕ್ಕೂ ಸಾವಿರಾರು ವರ್ಷ ಹಿಂದಿನ ಪುರಾಣವನ್ನು ಹೇಳುವ 'ದಿ ಸಿಲ್ಮರಿಲಿಯನ್' ಗ್ರಂಥದಲ್ಲಿ. ಟೋಲ್ಕಿನ್ನರು ಜೀವಮಾನವಿಡೀ ತಿದ್ದುತ್ತ ಉಳಿಸಿಹೋದ ಹಸ್ತಪ್ರತಿಗಳನ್ನು ಅವರ ಮಗ ಕ್ರಿಸ್ಟೋಫರ್ ಟೋಲ್ಕಿನ್ ಶೋಧಿಸಿ, ಸಂಪಾದಿಸಿ 1977ರಲ್ಲಿ ಪ್ರಕಟಿಸಿದರು. ತಂದೆಯ ಬರಹವನ್ನು ಮಗನು ತಾಳೆಗರಿಯ ಕಟ್ಟಿನಂತೆ ಜೋಪಾನಮಾಡಿ ಬೆಳಕಿಗೆ ತಂದ ಈ ಪುತ್ರಧರ್ಮವೇ ಪ್ರತ್ಯೇಕ ಲೇಖನಕ್ಕೆ ಯೋಗ್ಯವಾದುದು.

ಈ ಪುರಾಣದಲ್ಲಿ 'ಎಲ್ಫ್' ಎಂಬುದು ಮಾನವರಿಗಿಂತ ಮೊದಲು ಎಚ್ಚೆತ್ತ ಒಂದು ಕುಲ. ನಮ್ಮ ಗಂಧರ್ವರನ್ನು ನೆನಪಿಸುವ ರೂಪ, ಗಾನ, ಶಿಲ್ಪಕೌಶಲ ಅವರದು. ಅವರಿಗೆ ಮುಪ್ಪಿನಿಂದಾಗಲಿ ರೋಗದಿಂದಾಗಲಿ ಮರಣವಿಲ್ಲ. ಆದರೆ ಆಯುಧದಿಂದ ಹತರಾಗಬಲ್ಲರು, ದುಃಖದಿಂದ ಸವೆಯಬಲ್ಲರು. ಈ ಒಂದು ಅಂಶವನ್ನು ಓದುಗರು ಮರೆಯಬಾರದು. ನಾಳೆಯೋ ನಾಡಿದ್ದೋ ಸಾಯಲೇಬೇಕಾದ ಮಾನವನು ರಣದಲ್ಲಿ ಪ್ರಾಣ ಕೊಡುವುದು ಒಂದು ಬಗೆ. ಲೋಕವಿರುವವರೆಗೂ ಬಾಳಬಹುದಾಗಿದ್ದವನು ಅದನ್ನು ತಾನಾಗಿ ತೊರೆಯುವುದು ಇನ್ನೊಂದು ಬಗೆ.

ನೋಲ್ಡೋರ್ ಎಂಬ ಎಲ್ಫ್ ಕುಲದ ಅರಸ ಫಿನ್ವೆಗೆ ಇಬ್ಬರು ಪತ್ನಿಯರು. ಮೊದಲ ಪತ್ನಿಯ ಮಗ ಫೆಅನೋರ್, ಅಪ್ರತಿಮ ಶಿಲ್ಪಿ, ಅಷ್ಟೇ ಕೋಪಿಷ್ಠ. ಎರಡನೆಯ ಪತ್ನಿಯ ಹಿರಿಯ ಮಗ ಫಿಂಗಾಲ್ಫಿನ್. ಮಾರ್ಗಾತ್ ಎಂಬ ದುಷ್ಟಶಕ್ತಿ ಹಬ್ಬಿಸಿದ ಚಾಡಿಮಾತಿಗೆ ಕಿವಿಗೊಟ್ಟ ಫೆಅನೋರನು ತಂದೆಯ ಅರಮನೆಯಲ್ಲೇ ತಮ್ಮನ ಎದೆಗೆ ಖಡ್ಗವಿಟ್ಟನು. ಅದಕ್ಕಾಗಿ ಅವನಿಗೆ ಹನ್ನೆರಡು ವರ್ಷಗಳ ಗಡಿಪಾರು ವಿಧಿಸಲಾಯಿತು. ಅನಂತರ ದೈವಗಳ ಅಧಿಪತಿಯ ಸನ್ನಿಧಿಯಲ್ಲಿ ಇಬ್ಬರೂ ಸೇರಿದಾಗ ಫಿಂಗಾಲ್ಫಿನ್ ತಾನೇ ಕೈ ಚಾಚಿ ಅಣ್ಣನನ್ನು ಕ್ಷಮಿಸಿದನು. ಅಣ್ಣ ಮುನ್ನಡೆದರೆ ತಾನು ಹಿಂಬಾಲಿಸುವೆನೆಂದು ಭಾಷೆ ಕೊಟ್ಟನು.

ಆ ಭಾಷೆಗೆ ಬೆಲೆ ತೆರಬೇಕಾದ ದಿನ ಬೇಗನೆ ಬಂತು. ಮಾರ್ಗಾತನು ಮುದಿ ಅರಸ ಫಿನ್ವೆಯನ್ನು ಕೊಂದು, ಫೆಅನೋರನು ನಿರ್ಮಿಸಿದ ಸಿಲ್ಮರಿಲ್ ಎಂಬ ಮೂರು ದಿವ್ಯರತ್ನಗಳನ್ನು ಅಪಹರಿಸಿ ಓಡಿದನು. ಸೇಡಿನ ಪ್ರತಿಜ್ಞೆ ಮಾಡಿ ಕುಲವನ್ನೆಲ್ಲ ಹೊರಡಿಸಿದವನು ಫೆಅನೋರ್. ಈ ಯಾತ್ರೆ ವಿವೇಕವಲ್ಲವೆಂದು ಬಲ್ಲ ಫಿಂಗಾಲ್ಫಿನ್ ಹೊರಟಿದ್ದು ಎರಡು ಕಾರಣಗಳಿಂದ: ಜನರನ್ನು ದುಡುಕಿನವನ ಕೈಗೆ ಬಿಡಲಾರದೆ, ಮತ್ತು ಆಡಿದ ಮಾತನ್ನು ಮುರಿಯಲಾರದೆ. ದಾರಿಯಲ್ಲಿ ಹಡಗುಗಳಿಗಾಗಿ ಸ್ವಜನರ ರಕ್ತವೇ ಹರಿಯಿತು. ಫಿಂಗಾಲ್ಫಿನ್‌ನ ಮಗ ಫಿಂಗೋನನ ಕೈಯೂ ಆ ಪಾಪದಿಂದ ಹೊರತಾಗಲಿಲ್ಲ. ಆ ಹಡಗುಗಳಲ್ಲಿ ತನ್ನವರನ್ನು ಮಾತ್ರ ದಾಟಿಸಿದ ಅಣ್ಣ, ಆಚೆಯ ದಡದಲ್ಲಿ ಹಡಗುಗಳನ್ನೇ ಸುಟ್ಟುಹಾಕಿದನು. ಈಚೆಯ ದಡದಲ್ಲಿ ನಿಂತ ತಮ್ಮನಿಗೆ ಕಂಡದ್ದು ದೂರದ ಜ್ವಾಲೆ.

ಮುಂದೆ ಹೆಲ್ಕರಾಕ್ಸೆ ಎಂಬ ಹಿಮದ ಜಲಸಂಧಿ. ಒಂದಕ್ಕೊಂದು ಉಜ್ಜಿ ಅರೆಯುವ ಮಂಜುಗಡ್ಡೆಗಳ ಮೇಲೆ, ಸೂರ್ಯಚಂದ್ರರು ಇನ್ನೂ ಹುಟ್ಟದ ಕತ್ತಲೆಯಲ್ಲಿ, ಫಿಂಗಾಲ್ಫಿನ್ ತನ್ನ ಜನರನ್ನು ನಡೆಸಿದನು. ಅನೇಕರು ನಾಶವಾದರು, ಅವನ ಇನ್ನೊಬ್ಬ ಮಗ ಟುರ್ಗಾನನ ಪತ್ನಿ ಎಲೆನ್ವೆ ಅಲ್ಲಿಯೇ ಅಳಿದಳು. ಅವನ ಮನಸ್ಸಿನಲ್ಲಿ ಆಗ ಅಣ್ಣನ ಮೇಲೆ ಕಹಿ ಇತ್ತೆಂಬುದನ್ನು ಗ್ರಂಥಕರ್ತರು ಮರೆಮಾಚಿಲ್ಲ. ಅವರು ಆಚೆಯ ನೆಲಕ್ಕೆ ಕಾಲಿಡುವಾಗ ಚಂದ್ರನು ಮೊದಲ ಬಾರಿಗೆ ಉದಯಿಸಿದನು. ಮುಂದೆ ನಡೆದಾಗ ಮೊದಲ ಸೂರ್ಯೋದಯವಾಯಿತು. ಅಷ್ಟರಲ್ಲಿ ಫೆಅನೋರ್ ಯುದ್ಧದಲ್ಲಿ ಮಡಿದಿದ್ದನು. ಅಣ್ಣನ ಮಕ್ಕಳು ಒಂದೇ ಸರೋವರದ ತೀರದಲ್ಲಿ ಬೀಡುಬಿಟ್ಟಿದ್ದರೂ ಫಿಂಗಾಲ್ಫಿನ್ ಅವರ ಮೇಲೆ ಕತ್ತಿ ಎತ್ತಲಿಲ್ಲ. ಫಿಂಗೋನನು ಒಬ್ಬನೇ ಹೋಗಿ, ಬಂಡೆಗೆ ತೂಗುಹಾಕಲ್ಪಟ್ಟಿದ್ದ ಫೆಅನೋರನ ಹಿರಿಯ ಮಗ ಮೈಧ್ರೋಸನನ್ನು ಬಿಡಿಸಿ ತಂದ ಮೇಲೆ, ಮೈಧ್ರೋಸನೇ ಸಿಂಹಾಸನದ ಹಕ್ಕನ್ನು ಚಿಕ್ಕಪ್ಪನಿಗೆ ಬಿಟ್ಟುಕೊಟ್ಟನು. ದಾಯಾದಿ ಮತ್ಸರವೆಂಬ ವ್ಯಾಧಿಯನ್ನು ಬಲ್ಲ ನಮ್ಮ ಮನೆತನಗಳು ಈ ಭಾಗವನ್ನು ಎರಡು ಬಾರಿ ಓದಬೇಕು.

ಅನಂತರ ಸುಮಾರು ನಾಲ್ಕುನೂರು ವರ್ಷ ಮಾರ್ಗಾತನ ಕೋಟೆ ಆಂಗ್‌ಬಾಂಡ್‌ಗೆ ಮುತ್ತಿಗೆ ನಿಂತಿತು. ಒಂದು ಚಳಿಗಾಲದ ರಾತ್ರಿ ಕೋಟೆಯ ಪರ್ವತಗಳಿಂದ ಬೆಂಕಿಯ ಹೊಳೆಗಳು ಹರಿದು ಮುತ್ತಿಗೆಯನ್ನು ಮುರಿದವು. ಎಲ್ಲವೂ ಮುಗಿಯಿತೆಂದು ಬಗೆದ ಫಿಂಗಾಲ್ಫಿನ್, ರಾಕಲ್ಲಾರ್ ಎಂಬ ತನ್ನ ಕುದುರೆಯನ್ನೇರಿ ಬೂದಿಯ ಬಯಲಿನಲ್ಲಿ ಏಕಾಂಗಿಯಾಗಿ ಧಾವಿಸಿದನು. ಅವನ ಕಣ್ಣುಗಳ ಉರಿ ಕಂಡ ಶತ್ರುಗಳು ದೈವವೇ ಇಳಿದುಬಂತೆಂದು ಓಡಿದರು. ಕೋಟೆಯ ಕಂಚಿನ ಬಾಗಿಲನ್ನು ಬಡಿದು, ಕೊಂಬನ್ನೂದಿ, ಮಾರ್ಗಾತನನ್ನು ದ್ವಂದ್ವಯುದ್ಧಕ್ಕೆ ಕರೆದನು.

ಮಾರ್ಗಾತನು ದೈವಗಳ ಸಾಲಿಗೆ ಸೇರಿದವನು. ಆ ಸಾಲಿನಲ್ಲಿ ಭಯವನ್ನು ಅರಿತವನು ಅವನೊಬ್ಬನೇ. ಆದರೂ ತನ್ನ ಸೇನಾನಿಗಳ ಮುಂದೆ ಹೇಡಿಯೆನಿಸಿಕೊಳ್ಳಲಾರದೆ, ಗ್ರಾಂಡ್ ಎಂಬ ಮಹಾಮುದ್ಗರವನ್ನು ಹಿಡಿದು ಹೊರಬಂದನು. ಅದು ನೆಲಕ್ಕೆ ಬಿದ್ದಲ್ಲೆಲ್ಲ ಹೊಗೆಯುಗುಳುವ ಹೊಂಡವಾಯಿತು. ಫಿಂಗಾಲ್ಫಿನ್ ಮಿಂಚಿನಂತೆ ತಪ್ಪಿಸಿಕೊಳ್ಳುತ್ತ, ಹಿಮದಂತೆ ಹೊಳೆಯುವ ರಿಂಗಿಲ್ ಖಡ್ಗದಿಂದ ಶತ್ರುವಿಗೆ ಏಳು ಗಾಯ ಮಾಡಿದನು. ಕೊನೆಗೆ ದಣಿದನು. ಮೂರು ಬಾರಿ ಮಂಡಿಯೂರಿ ಕುಸಿದು ಮೂರು ಬಾರಿಯೂ ಎದ್ದನು. ನಾಲ್ಕನೆಯ ಬಾರಿ ಹೊಂಡಕ್ಕೆ ಎಡವಿ ಬಿದ್ದಾಗ ಮಾರ್ಗಾತನು ಅವನ ಕೊರಳ ಮೇಲೆ ಪಾದವಿಟ್ಟನು. ಪ್ರಾಣ ಹೋಗುವ ಆ ಕ್ಷಣದಲ್ಲೂ ಅರಸನು ಖಡ್ಗ ಬೀಸಿ ಆ ಪಾದವನ್ನು ಕಡಿದನು. ಅಂದಿನಿಂದ ಮಾರ್ಗಾತನು ಕುಂಟನಾದನು. ಆ ಗಾಯಗಳ ನೋವು ಎಂದಿಗೂ ಮಾಯಲಿಲ್ಲ.

ಅಭಿಮಾನಿಗಳ ಹೃದಯವನ್ನು ಸೆಳೆದದ್ದು ಈ ಪ್ರಸಂಗ. ಟೋಲ್ಕಿನ್ನರ ಕೃತಿಗಳ ಹೆಸರಾಂತ ಚಿತ್ರಕಾರ ಜಾನ್ ಹೋ ಈ ದ್ವಂದ್ವವನ್ನು ಚಿತ್ರಿಸಿದ್ದಾರೆ. ಬ್ಲೈಂಡ್ ಗಾರ್ಡಿಯನ್ ಎಂಬ ಜರ್ಮನ್ ಸಂಗೀತತಂಡವು 1998ರ ತನ್ನ ಧ್ವನಿಮುದ್ರಿಕೆಯಲ್ಲಿ ಇದನ್ನೇ ಹಾಡಾಗಿಸಿತು; ಆ ಬಗೆಯ ಅಬ್ಬರದ ಸಂಗೀತ ನಮ್ಮಂಥವರ ಕಿವಿಗೆ ಹಿಡಿಸುವುದು ಕಷ್ಟವೆಂಬುದು ಬೇರೆ ಮಾತು. 1969ರಲ್ಲಿ ಇಂಗ್ಲೆಂಡಿನಲ್ಲಿ ಸ್ಥಾಪಿತವಾದ ಟೋಲ್ಕಿನ್ ಸೊಸೈಟಿಯ ಸದಸ್ಯರು ಆಕ್ಸ್‌ಫರ್ಡಿನ ವುಲ್ವರ್‌ಕೋಟ್ ರುದ್ರಭೂಮಿಯಲ್ಲಿರುವ ಗ್ರಂಥಕರ್ತರ ಸಮಾಧಿಯ ಬಳಿ ಸೇರಿ ಸ್ಮರಣೆ ಸಲ್ಲಿಸುತ್ತಾರೆ.

ಅಭಿಮಾನಿಗಳಲ್ಲೇ ಒಂದು ವಾದವೂ ಇದೆ. ಅರಸನಾದವನು ಪ್ರಜೆಗಳನ್ನು ಬಿಟ್ಟು ಹತಾಶೆಯಿಂದ ಸಾವಿನತ್ತ ಓಡಿದ್ದು ಶೌರ್ಯವೇ, ಕರ್ತವ್ಯಲೋಪವೇ? ಪ್ರಶ್ನೆ ಹುರುಳಿಲ್ಲದ್ದಲ್ಲ. ಟೋಲ್ಕಿನ್ನರೇ 1953ರಲ್ಲಿ ಪ್ರಕಟಿಸಿದ ಬರಹವೊಂದರಲ್ಲಿ, ಕ್ರಿ.ಶ. 991ರ ಮಾಲ್ಡನ್ ಕಾಳಗದಲ್ಲಿ ಕೀರ್ತಿಯ ಮೋಹದಿಂದ ಶತ್ರುಗಳಿಗೆ ದಾರಿ ಬಿಟ್ಟುಕೊಟ್ಟು ತನ್ನವರನ್ನು ಬಲಿಗೊಟ್ಟ ನಾಯಕನನ್ನು ಕಟುವಾಗಿ ವಿಮರ್ಶಿಸಿದ್ದಾರೆ. ಆದರೆ ಫಿಂಗಾಲ್ಫಿನ್ ಜೊತೆಗೆ ಒಬ್ಬನನ್ನೂ ಕರೆದೊಯ್ಯಲಿಲ್ಲ. ಪಣವಿಟ್ಟದ್ದು ತನ್ನೊಬ್ಬನ ಪ್ರಾಣವನ್ನು. ಹಾಗೆಂದು ಅವನು ನಿರ್ದೋಷಿಯೆನ್ನಲು ನಾನು ಸಿದ್ಧನಿಲ್ಲ. ಎಲ್ಲವೂ ಮುಗಿಯಿತೆಂಬ ಅವನ ಎಣಿಕೆ ತಪ್ಪಾಗಿತ್ತು. ಅವನ ಮಕ್ಕಳಿಬ್ಬರೂ ಬದುಕಿದ್ದರು, ಯುದ್ಧ ಇನ್ನೂ ಬಹುಕಾಲ ನಡೆಯಿತು. ನಡೆ-ನುಡಿಗಳ ಐಕ್ಯವನ್ನೇ ಒರೆಗಲ್ಲಾಗಿಟ್ಟುಕೊಂಡ ಶರಣಪರಂಪರೆಯಲ್ಲಿ ಬೆಳೆದ ನನ್ನ ಕಣ್ಣಿಗೆ ಆಂಗ್‌ಬಾಂಡಿನ ಬಾಗಿಲಲ್ಲಿ ನಿಂತ ಫಿಂಗಾಲ್ಫಿನ್‌ಗಿಂತ, ಎದೆಗೆ ಖಡ್ಗವಿಟ್ಟ ಅಣ್ಣನಿಗೆ ಕೈ ಚಾಚಿದ ಫಿಂಗಾಲ್ಫಿನ್ ದೊಡ್ಡವನು. ತರುಣರು ಇದನ್ನು ಒಪ್ಪಲಾರರು, ಒಪ್ಪಬೇಕಾಗಿಯೂ ಇಲ್ಲ.

ಈ ಕಥೆ ಹುಟ್ಟಿದ ನೆಲವನ್ನೂ ನೆನೆಯಬೇಕು. 1916ರ ಸೋಮ್ ಕದನದಲ್ಲಿ ಟೋಲ್ಕಿನ್ ಸೈನ್ಯಾಧಿಕಾರಿಯಾಗಿದ್ದರು. ಶಾಲಾದಿನಗಳ ಅವರ ನಾಲ್ವರು ಆಪ್ತರ ಬಳಗದಲ್ಲಿ ಇಬ್ಬರು ಆ ವರ್ಷವೇ ಮಡಿದರು. ಕಂದಕಜ್ವರದಿಂದ ಆಸ್ಪತ್ರೆ ಸೇರಿದ ಟೋಲ್ಕಿನ್ ಈ ಪುರಾಣದ ಮೊದಲ ಕಥೆಗಳನ್ನು ಬರೆದದ್ದು ಆ ಹೊತ್ತಿನಲ್ಲಿಯೇ. ಫಿಂಗಾಲ್ಫಿನ್‌ನ ಕಾಳಗವನ್ನು ಅವರು, 1925ರಿಂದ 1931ರವರೆಗೆ ರಚಿಸಿ ಅಪೂರ್ಣವಾಗಿ ಬಿಟ್ಟ ದೀರ್ಘ ಕಾವ್ಯವೊಂದರಲ್ಲಿ ಪದ್ಯವಾಗಿಯೂ ಹೇಳಿದ್ದರು. ಅದು 1985ರಲ್ಲಿ ಅಚ್ಚಾಯಿತು. ಯಂತ್ರಗಳು ಸಾಲುಸಾಲಾಗಿ ತರುಣರನ್ನು ಕೊಂದ ಯುದ್ಧವನ್ನು ಕಂಡವರು, ಮಡಿದ ಒಬ್ಬನೊಬ್ಬನಿಗೂ ಹೆಸರಿರುವ ಕಥೆಯನ್ನು ಕಟ್ಟಿದರು.

ಅರಸನ ಶವವನ್ನು ಮಾರ್ಗಾತನು ತೋಳಗಳಿಗೆ ಎಸೆಯಬೇಕೆಂದಿದ್ದಾಗ, ಥೊರಾಂಡೋರ್ ಎಂಬ ಗರುಡರಾಜನು ಎರಗಿ ಅವನ ಮುಖವನ್ನು ಸೀಳಿ ದೇಹವನ್ನು ಎತ್ತಿಕೊಂಡು ಹೋದನು. ರಾಕಲ್ಲಾರ್ ಕುದುರೆ ತೋಳಗಳು ಬರುವವರೆಗೂ ಒಡೆಯನ ಬಳಿ ನಿಂತಿದ್ದು, ಬಳಿಕ ಬಹುದೂರ ಓಡಿ ಊರು ಸೇರಿ ಎದೆಯೊಡೆದು ಸತ್ತಿತು. ಎಲ್ಫ್ ಜನರು ಈ ದ್ವಂದ್ವವನ್ನು ಹಾಡಲಿಲ್ಲ. ದುಃಖ ಅಷ್ಟು ಆಳವಾಗಿತ್ತು. ಟುರ್ಗಾನನು ತನ್ನ ಗುಪ್ತನಗರಿ ಗಾಂಡೋಲಿನ್ನನ್ನು ನೋಡುವ ಶಿಖರದ ಮೇಲೆ ತಂದೆಯ ದೇಹಕ್ಕೆ ಕಲ್ಲುಗಳನ್ನು ಒಟ್ಟಿ ಸಮಾಧಿ ಕಟ್ಟಿದನು. ಆ ನಗರಿ ಅಳಿಯುವ ಕಾಲ ಬರುವವರೆಗೂ ಶತ್ರುಸೈನಿಕರು ಆ ಕಲ್ಲುರಾಶಿಯ ಹತ್ತಿರ ಸುಳಿಯಲು ಹೆದರಿದರು.